ಹಳೇ ದೇಗುಲದ ನೆರೆಮನೆಗೆ ಒಂದು ಸೌದೆ ಗೂಡು

ನಮ್ಮ ಚಿಕ್ಕಪ್ಪ ಮಾಡಿದ ತಪ್ಪು ಒಂದೇ. ಹಳೇ ಕೊಟ್ಟಿಗೆ ಕೆಡವಿದ್ದು.

ಅವರ ಮನೆ ಇರುವುದು ಸೊರಬ ತಾಲ್ಲೂಕಿನ ಒಂದು ಊರಿನಲ್ಲಿ, ಸಂರಕ್ಷಿತ ದೇವಸ್ಥಾನವೊಂದರ ಮಗ್ಗುಲಿಗೆ. ದನ ಸಾಕುವುದು ಬಿಟ್ಟು ಐದಾರು ವರ್ಷ ಆಗಿತ್ತು. ಕೊಟ್ಟಿಗೆಯ ಒಂದು ಮೂಲೆ ಕುಸಿದಿತ್ತು. ಅದನ್ನು ತೆಗೆದು ಅಲ್ಲೇ ಒಂದು ಜಿಂಕ್ ಶೀಟಿನ ಶೆಡ್ ಹಾಕಿದರೆ ಸೌದೆ, ಪಂಪು, ಕಾಯಿ ಕೊಯ್ಯುವ ದೋಟಿ, ಗೊಬ್ಬರದ ಚೀಲ ಎಲ್ಲ ಒಂದೇ ಕಡೆ ಆಯಿತು ಅಂದುಕೊಂಡರು. ಜೆಸಿಬಿ ಬಂತು. ಅರ್ಧ ದಿನದಲ್ಲಿ ಕೊಟ್ಟಿಗೆ ನೆಲಸಮ. ಕಂಬಕ್ಕೆ ಗುಂಡಿ ತೋಡಲು ಶುರು ಮಾಡಿದಾಗ ದೇವಸ್ಥಾನ ಕಾಯುವವರು ಬಂದು ನಿಲ್ಲಿಸಿದರು. ಆಮೇಲೆ ನೋಟಿಸ್. ಆ ಮಳೆಗಾಲ ಪೂರ್ತಿ ಚಿಕ್ಕಮ್ಮ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡರು.

ಬಳ್ಳಿಗಾವಿ, ತಾಳಗುಂದ, ಕುಬಟೂರು, ಕೆಳದಿ, ಇಕ್ಕೇರಿ... ನಮ್ಮ ಜಿಲ್ಲೆಯಲ್ಲಿ ಹೀಗೆ ದೇಗುಲದ ನೆರಳಿನಲ್ಲೇ ಸಂಸಾರ ಮಾಡುವವರು ಬಹಳ. ಮೇ ಮುಗಿಯುವುದರೊಳಗೆ ಬಚ್ಚಲ ಒಲೆಗೆ ನಾಲ್ಕು ತಿಂಗಳ ಸೌದೆ ಒಳಗಾಗಬೇಕು. ಜಾಗ ಇಲ್ಲ, ಕಟ್ಟುವ ಹಾಗೂ ಇಲ್ಲ. ಹಾಗಾದರೆ ಏನು ಮಾಡುವುದು? ನಾವು ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಟೇಪು ಹಿಡಿಯಿರಿ

ದೇವಸ್ಥಾನದ ಮುಂದಿನ ಫಲಕ ಓದಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಅಂದರೆ ಎಎಸ್‌ಐ ಹೆಸರಿದ್ದರೆ 1958ರ ಕೇಂದ್ರ ಕಾಯ್ದೆ ಅನ್ವಯಿಸುತ್ತದೆ. ರಾಜ್ಯ ಪುರಾತತ್ವ ಇಲಾಖೆಯ ಫಲಕವಾದರೆ 1961ರ ರಾಜ್ಯ ಕಾಯ್ದೆ. ಅದರ ಲೆಕ್ಕ ಬೇರೆ, ಆ ಇಲಾಖೆಯಲ್ಲೇ ಕೇಳಬೇಕು. ಇಲ್ಲಿ ಹೇಳುತ್ತಿರುವುದು ಎಎಸ್‌ಐ ಸ್ಮಾರಕಗಳ ವಿಷಯ.

ಸ್ಮಾರಕದಿಂದ 100 ಮೀಟರ್ ತನಕ ನಿಷೇಧಿತ ಪ್ರದೇಶ. ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸದಾಗಿ ಏನೂ ಕಟ್ಟುವಂತಿಲ್ಲ. ಎರಡನೆಯದರಲ್ಲಿ ಅನುಮತಿ ಪಡೆದು ಕಟ್ಟಬಹುದು. ಮೀರಿದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. 100 ಮೀಟರ್ ಎಣಿಸುವುದು ಗರ್ಭಗುಡಿಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಅದೂ ರಸ್ತೆ ಸುತ್ತಿ ಬಂದ ದೂರ ಅಲ್ಲ, ನೇರ ಗೆರೆ. ಹತ್ತಿರ ಹತ್ತಿರ 328 ಅಡಿ. ಚಿಕ್ಕಪ್ಪ ಗೋಪುರದಿಂದ ಹೆಜ್ಜೆ ಹಾಕಿ ಎಣಿಸಿ ‘ನಾವು ಆಚೆಗಿದ್ದೇವೆ’ ಅಂದಿದ್ದರು. ಬೇಲಿಯಿಂದ ಟೇಪು ಹಿಡಿದರೆ ಅವರ ಅಡುಗೆಮನೆಯೂ ಒಳಗೇ ಇತ್ತು.

‘ಸಿಮೆಂಟ್ ಹಾಕಿಲ್ಲ, ಸುಮ್ನೆ ನಾಲ್ಕು ಕಂಬ, ಮೇಲೆ ಶೀಟು’ ಅನ್ನುವ ವಾದವೂ ನಡೆಯುವುದಿಲ್ಲ. ಕಾಯ್ದೆಯಲ್ಲಿ ನಿರ್ಮಾಣ ಅಂದರೆ ಯಾವುದೇ ರಚನೆ ಎಬ್ಬಿಸುವುದು. ತಾತ್ಕಾಲಿಕ ಶೆಡ್ಡಿಗೆ ಅಂತ ವಿನಾಯಿತಿ ಇಲ್ಲ. ಪಂಚಾಯ್ತಿ ಕೊಟ್ಟ ಲೈಸೆನ್ಸು ಒಂದೇ ಇದ್ದರೆ ಅದೂ ಸಾಲದು.

ಹಳೇ ಕೊಟ್ಟಿಗೆ ಇದೆಯಾ? ಮುಟ್ಟಬೇಡಿ, ಕಾಪಾಡಿ

100 ಮೀಟರ್ ಒಳಗೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡವನ್ನು ದುರಸ್ತಿ ಮಾಡಲು ಅರ್ಜಿ ಹಾಕಬಹುದು. ಆದರೆ ದುರಸ್ತಿ ಬೇರೆ, ಕೆಡವಿ ಮತ್ತೆ ಕಟ್ಟುವುದು ಬೇರೆ. ಅದೇ ಅಳತೆಯಲ್ಲಿ, ಅದೇ ಜಾಗದಲ್ಲಿ ಕಟ್ಟಿದರೂ ಕಾಯ್ದೆಯ ಕಣ್ಣಿಗೆ ಅದು ದುರಸ್ತಿ ಅಲ್ಲ. ಅಂದರೆ ವಾಲಿದ ಕೊಟ್ಟಿಗೆ ನಿಂತಿರುವವರೆಗೆ ನಿಮಗೊಂದು ದಾರಿ ಇದೆ. ನೆಲಕ್ಕೆ ಬಿದ್ದ ದಿನ ಆ ದಾರಿಯೂ ಮುಚ್ಚುತ್ತದೆ. ಚಿಕ್ಕಪ್ಪ ಜೆಸಿಬಿಗೆ ದುಡ್ಡು ಕೊಟ್ಟು ಮುಚ್ಚಿಸಿಕೊಂಡದ್ದು ಇದನ್ನೇ.

ಆದ್ದರಿಂದ ಹಳೇ ಕೊಟ್ಟಿಗೆ, ಬಚ್ಚಲುಮನೆ, ಕೊನೆಗೆ ಬಾವಿ ಪಕ್ಕದ ಪಂಪಿನ ಮನೆ ಇದ್ದರೂ ಈಗಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ. ಹಳೆಯ ಕಂದಾಯದ ರಸೀದಿ, ಪಾಲುಪಟ್ಟಿ, ಕರೆಂಟ್ ಬಿಲ್ಲು, ಹಿನ್ನೆಲೆಯಲ್ಲಿ ಕೊಟ್ಟಿಗೆ ಕಾಣುವ ಮದುವೆ ಫೋಟೊ, ಏನು ಸಿಕ್ಕರೂ ಜೋಪಾನ ಮಾಡಿ. 1992ಕ್ಕಿಂತ ಹಿಂದಿನದು ಅಂತ ತೋರಿಸುವ ಹೊಣೆ ನಿಮ್ಮದೇ ಆಗುತ್ತದೆ.

ಅರ್ಜಿ ಹೋಗಬೇಕಾದ್ದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಈ ಅನುಮತಿ ಕೊಡಲು ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ. ಅವರು ಅದನ್ನು 15 ದಿನದೊಳಗೆ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಶಿಫಾರಸಿಗೆ ಎರಡು ತಿಂಗಳು, ಆಮೇಲೆ ನಿಮಗೆ ಉತ್ತರ ಕೊಡಲು ಒಂದು ತಿಂಗಳು. ಕಾಯ್ದೆಯ ಲೆಕ್ಕವೇ ಇಷ್ಟು. ಮಳೆಗಾಲಕ್ಕೆ ಮುಂಚೆ ಹೆಂಚು ಬದಲಿಸಬೇಕು ಅಂದರೆ ದೀಪಾವಳಿ ಮುಗಿಯುತ್ತಿದ್ದಂತೆ ಕಾಗದ ಓಡಾಡಬೇಕು. ಏಪ್ರಿಲ್‌ನಲ್ಲಿ ಎಚ್ಚೆತ್ತರೆ ಆ ವರ್ಷ ತಾಡಪಾಲೇ ಗತಿ.

ನೆಲ ಅಗೆಯದ ಗೂಡು

ಕೊಟ್ಟಿಗೆ ಹೋಯಿತು, ಶೆಡ್ ಆಗದು. ಉಳಿದದ್ದು ಎತ್ತಿ ಇಡಬಹುದಾದ ಗೂಡು. ಮಂಚ, ಕಪಾಟು ಇದ್ದ ಹಾಗೆ. ನೆಲದಲ್ಲಿ ಹೂತಿರಬಾರದು, ಗೋಡೆಗೆ ಮೊಳೆ ಹೊಡೆದಿರಬಾರದು, ಖಾಲಿ ಇದ್ದಾಗ ನಾಲ್ಕು ಜನ ಎತ್ತಿಕೊಂಡು ಹೋಗುವಂತಿರಬೇಕು. ಹಾಗಂತ ಹೇಳದೆ ಕೇಳದೆ ಇಡಬೇಡಿ. ನಾವು ಒಂದು ಹಾಳೆಯಲ್ಲಿ ಚಿತ್ರ ಗೀಚಿ, ಅಳತೆ ಬರೆದು, ಇಡುವ ಜಾಗ ಗುರುತು ಮಾಡಿ, ಎಎಸ್‌ಐನ ಸ್ಥಳೀಯ ಸಿಬ್ಬಂದಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆವು. ಅವರು ಬಂದು ನೋಡಿ, ಇನ್ನೆರಡು ಅಡಿ ಆಚೆ ಇಡಿ ಅಂದರು. ಇಟ್ಟೆವು. ಅವರು ಬೇಡ ಅಂದಿದ್ದರೆ ಗೂಡು ಮಾಡಿಸುತ್ತಿರಲಿಲ್ಲ.

ನೆಲ ಅಗೆಯಬಾರದು ಅನ್ನುವುದು ಬರೀ ಕಾನೂನಿನ ಕಿರಿಕಿರಿ ಅಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಆವರಣದಲ್ಲಿ ಅಗೆದಾಗ ಸಿಂಹಕಟಾಂಜನದ, ಅಂದರೆ ಸಿಂಹ ಕೆತ್ತಿದ ಮೆಟ್ಟಿಲ ಪಕ್ಕದ ಕಲ್ಲಿನ, ಶಾಸನ ಸಿಕ್ಕಿತು. ಅದು ಕ್ರಿ.ಶ. 370ರದು, ಹಲ್ಮಿಡಿಗಿಂತ ಹಳೆಯ ಕನ್ನಡ ಎನ್ನುತ್ತಾರೆ. ಸೌದೆ ಶೆಡ್ಡಿನ ಕಂಬದ ಗುಂಡಿಗೆ ಅದು ಸಿಕ್ಕಿದ್ದರೆ ಹಾರೆ ಏಟಿಗೆ ಎರಡು ಅಕ್ಷರ ಹೋಗುತ್ತಿತ್ತು, ಅಲ್ವಾ? ನಿಮ್ಮ ತೋಟದಲ್ಲೇ ಆದರೂ ಅಗೆಯುವಾಗ ಹಳೆಯ ನಾಣ್ಯವೋ ವಿಗ್ರಹವೋ ಸಿಕ್ಕರೆ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸಿ.

ಈಗ ಗೂಡಿನ ಅಳತೆ. ಉದ್ದ ಆರು ಅಡಿ, ಅಗಲ ಎರಡೂವರೆ ಅಡಿ, ಮುಂದೆ ಐದಡಿ ಎತ್ತರ, ಹಿಂದೆ ನಾಲ್ಕಡಿ. ಒಂದೇ ದೊಡ್ಡ ಗೂಡಿನ ಬದಲು ಇಂಥ ಎರಡು ಮೂರು ಮಾಡಿಸಿ. ಸೌದೆ ತುಂಬಿದ ಗೂಡು ಅರ್ಧ ಟನ್ ಹತ್ತಿರ ತೂಗುತ್ತದೆ. ಸಣ್ಣದಾದರೆ ಒಂದೊಂದೇ ಖಾಲಿ ಮಾಡುತ್ತಾ ಹೋಗಬಹುದು.

ಚೌಕಟ್ಟಿಗೆ ಒಂದೂವರೆ ಇಂಚಿನ ಜಿಐ ಪೈಪು. ವೆಲ್ಡಿಂಗ್ ಬೇಡ, ನಟ್ಟು ಬೋಲ್ಟು ಸಾಕು. ಬಿಚ್ಚಿ ಜೋಡಿಸಬಹುದು. ತಳಕ್ಕೆ ಚೆನ್ನಾಗಿ ಬಲಿತ ಅಡಿಕೆ ಮರದ ದಬ್ಬೆಗಳನ್ನು (ಸೀಳಿದ ಪಟ್ಟಿಗಳನ್ನು) ಒಂದಿಂಚು ಸಂದು ಬಿಟ್ಟು ಹಾಸಿ. ಎಳೆ ಮರದ ದಬ್ಬೆ ಎರಡನೇ ಮಳೆಗಾಲಕ್ಕೇ ಮೆತ್ತಗಾಗುತ್ತದೆ. ತಳ ನೆಲದಿಂದ ಒಂದಡಿ ಮೇಲಿರಬೇಕು. ಅದಕ್ಕೆ ಆರು ಚಿರೆಕಲ್ಲು ನೆಲದ ಮೇಲೆ ಸುಮ್ನೆ ಇಟ್ಟು, ಅವುಗಳ ಮೇಲೆ ಚೌಕಟ್ಟು ಕೂರಿಸಿ.

ಒಂದಡಿ ಯಾಕೆ? ಸೂರಿನ ನೀರು ನೆಲಕ್ಕೆ ಬಡಿದು ಸಿಡಿಯುವುದು ಹೆಚ್ಚುಕಡಿಮೆ ಅಷ್ಟು ಎತ್ತರಕ್ಕೆ. ಇನ್ನೊಂದು ಕಾರಣ ಗೆದ್ದಲು. ಗೆದ್ದಲು ಸೌದೆಗೆ ಹತ್ತಬೇಕಾದರೆ ಕಲ್ಲಿನ ಮೇಲೆ ಮಣ್ಣಿನ ದಾರಿ ಕಟ್ಟಲೇಬೇಕು. ಒಂದಡಿ ತೆರೆದಿದ್ದರೆ ಆ ದಾರಿ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ಪೊರಕೆ ತುದಿಯಲ್ಲಿ ಕೆಡವಿದರೆ ಆಯಿತು. ಸುಟ್ಟ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸ ಕೆಲವರಿಗಿದೆ. ದೇಗುಲದ ಪಕ್ಕದ ನೆಲಕ್ಕೆ ಅದು ಖಂಡಿತ ಬೇಡ, ಬಾವಿಗೂ ಒಳ್ಳೆಯದಲ್ಲ.

ಮಾಡಿಗೆ ಶೀಟು ಹಾಕಿ, ಮೇಲೆ ಅಡಿಕೆ ಸೋಗೆ (ಒಣಗಿದ ಗರಿ) ಹೊದಿಸಿ. ಶೀಟಿನ ಮೇಲೆ ಯಾಕೆ ಸೋಗೆ ಅಂತ ಚಿಕ್ಕಪ್ಪ ಕೇಳಿದ್ದರು. ಒಂದು, ಮಳೆಯ ಸದ್ದು ಕಡಿಮೆ. ಎರಡು, ನೋಟ. ಒಂಬೈನೂರು ವರ್ಷದ ಕಲ್ಲಿನ ಕೆಲಸದ ಪಕ್ಕ ನೀಲಿ ತಾಡಪಾಲು ಪಟಪಟ ಹಾರಾಡುವುದನ್ನು ನೀವೂ ನೋಡಿರುತ್ತೀರಿ. ಕ್ಯಾಮೆರಾ ತಂದವರೆಲ್ಲ ಅದನ್ನು ತಪ್ಪಿಸಲು ಬಗ್ಗಿ, ವಾಲಿ, ಕೊನೆಗೆ ಬೈದುಕೊಂಡು ಹೋಗುತ್ತಾರೆ. ಸೋಗೆ ಮಾಡು ಯಾರ ಕಣ್ಣನ್ನೂ ಚುಚ್ಚುವುದಿಲ್ಲ.

ನಮ್ಮ ಕಡೆ ಮಳೆ ಹೊಡೆಯುವುದು ಪಡುವಣದಿಂದ. ಹಾಗಾಗಿ ಗೂಡಿನ ಬೆನ್ನು ಪಶ್ಚಿಮಕ್ಕೆ, ಬಾಯಿ ಪೂರ್ವಕ್ಕೆ ಇರಲಿ. ಬೆನ್ನಿಗೆ ಒತ್ತಾಗಿ ಹೆಣೆದ ಸೋಗೆ ತಟ್ಟಿ ಕಟ್ಟಿ. ಆ ಕಡೆ ಮಾಡು ಒಂದೂವರೆ ಅಡಿ ಹೊರಚಾಚಬೇಕು. ಉಳಿದ ಕಡೆ ಒಂದಡಿ ಸಾಕು. ಎಡಬಲ ಮುಚ್ಚಬೇಡಿ. ಸೌದೆ ಒಣಗುವುದು ಗಾಳಿಯಿಂದ. ಸುತ್ತಲೂ ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರಿ ಬೂಸಲು ಹಿಡಿಯುತ್ತದೆ.

ಜೋಡಿಸುವುದಕ್ಕೂ ಕ್ರಮ ಇದೆ. ಹೊಸದಾಗಿ ಕಡಿದ ಮರದಲ್ಲಿ ಅರ್ಧದಷ್ಟು ನೀರೇ ಇರಬಹುದು. ಜನವರಿ, ಫೆಬ್ರುವರಿಯಲ್ಲೇ ಸೀಳಿ ಬಿಸಿಲಿಗೆ ಹಾಕಿ. ಸೀಳಿದ ಸೌದೆ ಒಣಗಿದಷ್ಟು ಬೇಗ ಉರುಟು ಕುಂಟೆ ಒಣಗುವುದಿಲ್ಲ. ಒಂದಕ್ಕೊಂದು ಬಡಿದಾಗ ಟಣ್ ಅಂದರೆ ಒಣಗಿದೆ, ದಪ್ ಅಂದರೆ ಇನ್ನೂ ಹಸಿ. ಗೂಡಿಗೆ ತುಂಬುವಾಗ ಮೇಲಿನ ಸಾಲು ತೊಗಟೆ ಮೇಲಾಗಿ ಇರಲಿ, ಬಿದ್ದ ಹನಿ ಜಾರಿ ಹೋಗುತ್ತದೆ.

ಎಲ್ಲಿ ಇಡಬೇಕು, ಏನು ಇಡಬಾರದು

ನಿಮ್ಮ ಜಾಗದಲ್ಲೇ ಇಡಿ. ದೇವಸ್ಥಾನದ ಪೌಳಿ ಗೋಡೆಗೆ ಒರಗಿಸಬೇಡಿ. ಕನಿಷ್ಠ ನಾಲ್ಕಡಿ ಬಿಡಿ, ನಡುವೆ ಒಬ್ಬರು ನಿಂತು ಗುಡಿಸುವಂತಿರಲಿ. ಒರಗಿಸಿದ ಸೌದೆ ಗೋಡೆಯ ಥಂಡಿ ಆರಲು ಬಿಡುವುದಿಲ್ಲ. ಪಾಚಿ, ಜರೀಗಿಡ ಬೇರು ಬಿಡುವುದು ಅಲ್ಲೇ. ಹಾವಿಗೂ ಅದು ಇಷ್ಟದ ಜಾಗ. ಮಾಡಿನ ನೀರು ನಿಮ್ಮ ಅಂಗಳದ ಕಡೆಗೇ ಬೀಳಲಿ. ಬೀಳುವ ಸಾಲಿಗೆ ಒಂದಿಷ್ಟು ಜಲ್ಲಿ ಹರಡಿದರೆ ಗುಂಡಿ ಬೀಳುವುದಿಲ್ಲ.

ಗೊಬ್ಬರದ ಚೀಲ ಮಾತ್ರ ಅಲ್ಲಿ ಬೇಡವೇ ಬೇಡ. ಯೂರಿಯಾ, ಪೊಟ್ಯಾಷ್, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಎಲ್ಲವೂ ನೀರಿನಲ್ಲಿ ಕರಗುತ್ತವೆ; ಪೊಟ್ಯಾಷ್, ಮೈಲುತುತ್ತ ಲವಣಗಳೇ. ಹರಿದ ಚೀಲದಿಂದ ಸೋರಿದ್ದು ಮಳೆ ನೀರಿನ ಜತೆ ನೆಲಕ್ಕಿಳಿಯುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಕಲ್ಲು ಆ ನೀರನ್ನು ಮೇಲಕ್ಕೆ ಹೀರುತ್ತದೆ. ಬೇಸಿಗೆಯಲ್ಲಿ ನೀರು ಆರುತ್ತದೆ, ಉಪ್ಪು ಒಳಗೇ ಹರಳುಗಟ್ಟುತ್ತದೆ. ಹರಳು ಹಿಗ್ಗಿ ಕಲ್ಲಿನ ಮೈ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಬಳ್ಳಿಗಾವಿಯ ಕೇದಾರೇಶ್ವರದಲ್ಲಿ ಇರುವಂಥ ಬಳಪದ ಕಲ್ಲಿನ ನಯವಾದ ಕೆತ್ತನೆ ಇಂಥದ್ದನ್ನು ತಡೆಯುತ್ತದೆಯೇ? ನಿಮ್ಮ ಮನೆಯ ಚಿರೆಕಲ್ಲಿನ ಗೋಡೆಗೂ ಇದೇ ಗತಿ. ಗೊಬ್ಬರ, ಮೈಲುತುತ್ತ ಮನೆಯೊಳಗೆ ಮುಚ್ಚಳದ ಡ್ರಮ್ಮಿನಲ್ಲಿ ಇರಲಿ. ಜಾಗ ಇಲ್ಲದಿದ್ದರೆ ಬೇಕಾದಾಗ ಬೇಕಾದಷ್ಟೇ ತನ್ನಿ.

ದರಗು (ಒಣ ಎಲೆ), ಕರಡ (ಒಣ ಹುಲ್ಲು), ಪೆಟ್ರೋಲ್ ಕ್ಯಾನು ಕೂಡ ದೂರ. ಬಚ್ಚಲ ಒಲೆಯ ಬೂದಿ ಮರುದಿನವೂ ಒಳಗೆ ಕೆಂಡ ಇಟ್ಟುಕೊಂಡಿರುತ್ತದೆ, ಅದನ್ನು ಗೂಡಿನ ಹತ್ತಿರ ಸುರಿಯಬೇಡಿ. ದೋಟಿ, ಏಣಿಗೆ ಗೂಡಿನ ಬೆನ್ನಿಗೆ ಎರಡು ಕೊಕ್ಕೆ ಸಿಕ್ಕಿಸಿದರೆ ಸಾಕು.

ಚಿಕ್ಕಪ್ಪನ ಅಂಗಳದಲ್ಲಿ ಈಗ ಮೂರು ಗೂಡುಗಳಿವೆ. ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ದೇಗುಲದ ಕಡೆಯದು, ಅದು ಚಿಕ್ಕಮ್ಮನ ಲೆಕ್ಕ. ತೇರಿನ ಹೊತ್ತಿಗೆ ಮೂರೂ ಖಾಲಿ ಇರುತ್ತವೆ. ಹುಡುಗರು ಎತ್ತಿ ಹಿತ್ತಲಿಗೆ ಇಟ್ಟು ಬರುತ್ತಾರೆ, ಜನ ಓಡಾಡಲು ಜಾಗ ಆಗುತ್ತದೆ. ಖಾಲಿ ಗೂಡು ಗಾಳಿಗೆ ಮಗುಚುತ್ತದೆ, ತಳಕ್ಕೆ ಎರಡು ಕಲ್ಲು ಹೇರಿ ಹಗ್ಗ ಬಿಗಿಯುವುದನ್ನು ಮರೆಯಬೇಡಿ. ತೇರು ಮುಗಿದ ಮೇಲೆ ಹಳೇ ಸೋಗೆ ತೆಗೆದು ತೋಟಕ್ಕೆ ಹಾಕಿ, ಹೊಸದು ಹೊದಿಸಿ, ಮತ್ತೆ ಅದೇ ಕಲ್ಲುಗಳ ಮೇಲೆ ಕೂರಿಸುತ್ತಾರೆ.