ಬಾರ್ಬಡೋಸ್‌ಗೆ ಹೋಗುವವರಿಗೆ ಒಂದಿಷ್ಟು ಸಲಹೆ
ಬಾರ್ಬಡೋಸ್‌ಗೆ ಹೋದರೆ ಈಜಲು ಪಶ್ಚಿಮ ಕರಾವಳಿಯೇ ಸರಿ, ಅಲ್ಲಿ ಅಲೆ ಕಡಿಮೆ. ಪೂರ್ವದ ಬಾತ್‌ಶೀಬಾ ನೋಡಲು ಬಲು ಚೆಂದ, ಆದರೆ ಅಟ್ಲಾಂಟಿಕ್ ಸೆಳೆತ ಜೋರು. ಸುಮ್ನೆ ದಡದಲ್ಲೇ ಕೂತು ನೋಡಿ. ಬೀಚ್ ಪಕ್ಕದ ಮರಕ್ಕೆ ಕೆಂಪು ಬಣ್ಣ ಬಳಿದಿದ್ದರೆ ಅದು ಮ್ಯಾಂಚಿನೀಲ್. ಮಳೆ ಬಂದರೂ ಅದರಡಿ ನಿಲ್ಲಬೇಡಿ, ಮರದ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಹಣ್ಣೂ ವಿಷವೇ.

ಒಂದು ದಿನ ರಾಜಧಾನಿ ಬ್ರಿಜ್‌ಟೌನ್‌ಗೆ ಇಡಿ. ಹಳೇ ಪೇಟೆ, ಬ್ರಿಟಿಷ್ ಗ್ಯಾರಿಸನ್ (ಸೇನಾ ನೆಲೆ) ಎರಡೂ 2011ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಕಬ್ಬಿನ ತೋಟದ ಬಂಗಲೆಗಳನ್ನಷ್ಟೇ ನೋಡಿದರೆ ಅರ್ಧ ಕತೆ ಮಾತ್ರ ಸಿಗುತ್ತದೆ. ಅಂಥ ತೋಟಗಳಲ್ಲಿ ದುಡಿದ ಗುಲಾಮರ ಸಮಾಧಿ ಜಾಗ ನ್ಯೂಟನ್‌ನಲ್ಲಿದೆ, ಅಲ್ಲಿಗೂ ಹೋಗಿ. 2024ರಲ್ಲಿ ನಮ್ಮವರು ಟಿ20 ವಿಶ್ವಕಪ್ ಗೆದ್ದ ಕೆನ್ಸಿಂಗ್ಟನ್ ಓವಲ್ ಕೂಡ ಬ್ರಿಜ್‌ಟೌನ್‌ನಲ್ಲೇ ಇದೆ, ಬಿಡೋಕಾಗುತ್ತಾ? ಮಿಲಿಟರಿ ಡಿಸೈನ್ ಬಟ್ಟೆ ಮಾತ್ರ ಒಯ್ಯಬೇಡಿ. ಅಲ್ಲಿ ಅದು ಅಪರಾಧ, ಮಕ್ಕಳಿಗೂ ವಿನಾಯಿತಿ ಇಲ್ಲ.