ಓರ್ಸೆಗೆ ಬರುವವರು ಮೊದಲು ಕೇಳಬೇಕಾದ್ದು: ಮೇಲಾ, ಕೆಳಗಾ?

ಪ್ಯಾರಿಸ್‌ನಲ್ಲಿ ಇಳಿದ ಕೂಡಲೇ ಮ್ಯಾಪಿನಲ್ಲಿ ಸುಮ್ನೆ 'ಓರ್ಸೆ' ಅಂತ ಹುಡುಕಬೇಡಿ. ಪ್ಯಾರಿಸ್ ನಡುವೆ ಇರುವ ಓರ್ಸೆ ಮ್ಯೂಸಿಯಂಗೆ ಹೋಗಿ ನಿಂತುಬಿಡುತ್ತೀರಿ. ನಮ್ಮ ಓರ್ಸೆ, ಅಂದರೆ ಓದಲು, ಸಂಶೋಧನೆಗೆ ಬರುವ ವಿಶ್ವವಿದ್ಯಾಲಯದ ಊರು, ಅಲ್ಲಿಂದ 20 ಕಿಲೋಮೀಟರಿಗೂ ದೂರ. 'ಓರ್ಸೆ-ವಿಲ್' ಸ್ಟೇಷನ್ ಹುಡುಕಿ. ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದಿಂದ ಆರ್‌ಇಆರ್ ಬಿ ಅನ್ನುವ ಉಪನಗರ ರೈಲಿನ ಲೈನ್ ಇಲ್ಲಿಗೇ ಬರುತ್ತದೆ. ದಾರಿಯಲ್ಲಿ ಲೈನ್ ಎರಡು ಕವಲಾಗುತ್ತದೆ. ರೋಬಿನ್‌ಸನ್ ಕಡೆಯ ರೈಲು ಬೇಡ, ಸಾಂ-ರೆಮಿ ಕಡೆಯದು ಹತ್ತಿ.

ಈಗ ಮನೆ ವಿಷಯ. ಊರು ಇವೆತ್ ಹೊಳೆಯ ಕಣಿವೆಯಲ್ಲಿದೆ. 1950ರ ದಶಕದಲ್ಲಿ ಐರೀನ್ ಮತ್ತು ಫ್ರೆಡೆರಿಕ್ ಜೋಲಿಯೋ-ಕ್ಯೂರಿ ದಂಪತಿ ಪರಮಾಣು ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ಈ ಜಾಗ ಆರಿಸಿದರು. ಅಲ್ಲಿಂದ ಬೆಳೆದದ್ದೇ ಇಂದಿನ ಪ್ಯಾರಿಸ್-ಸಾಕ್ಲೇ ವಿಶ್ವವಿದ್ಯಾಲಯದ ಕಣಿವೆ ಕ್ಯಾಂಪಸ್. 2022ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಅಲೇನ್ ಆಸ್ಪೆ ತಮ್ಮ ಹೆಸರಾಂತ ಕ್ವಾಂಟಮ್ ಪ್ರಯೋಗ ಮಾಡಿದ್ದೂ ಓರ್ಸೆಯಲ್ಲೇ. ಆದರೆ ಹೊಸ ಕಟ್ಟಡಗಳು ಜಾಸ್ತಿ ಇರುವುದು ಗುಡ್ಡದ ಮೇಲಿನ ಬಯಲಿನಲ್ಲಿ. ಎರಡರ ನಡುವೆ ಮರ ತುಂಬಿದ ಕಡಿದಾದ ಏರು.

ನಾನು ಇದನ್ನು ಕೇಳದೆ ಕೆಳಗೆ ರೂಮ್ ಹಿಡಿದೆ, ಲ್ಯಾಬ್ ಮೇಲಿತ್ತು. ನವೆಂಬರ್‌ನಲ್ಲಿ ಬೆಳಗಿನ ಕತ್ತಲಲ್ಲಿ ಒದ್ದೆ ಎಲೆಗಳ ಮೇಲೆ ಜಾರುತ್ತಾ ಹತ್ತುತ್ತಿದ್ದೆ. ಕೊನೆಗೆ ಪಕ್ಕದ ಲ ಗಿಶೆ ಸ್ಟೇಷನ್ನಿನಿಂದ ಮೇಲಕ್ಕೆ ಬಸ್ ಇದೆ ಅಂತ ಗೊತ್ತಾಯಿತು! ಅದಕ್ಕೇ ಹೇಳುವುದು, ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮ ಲ್ಯಾಬಿನ ಕಟ್ಟಡದ ನಂಬರ್ ಕೇಳಿ ತಿಳಿದುಕೊಳ್ಳಿ. ಕಣಿವೆಯಲ್ಲಿ ಎಲ್ಲರೂ ರಸ್ತೆ ಹೆಸರಿಗಿಂತ ನಂಬರಿನಲ್ಲೇ ಮಾತಾಡುತ್ತಾರೆ. 'ಬಾತಿಮಾಂ' ಅಂದರೆ ಕಟ್ಟಡ, ಅಷ್ಟೇ.

ಕಾಗದಪತ್ರದಲ್ಲಿ ಎರಡು ಮರೆಯಬೇಡಿ. ಲಾಂಗ್ ಸ್ಟೇ ವೀಸಾವನ್ನು ಬಂದ 3 ತಿಂಗಳೊಳಗೆ ಆನ್‌ಲೈನ್‌ನಲ್ಲಿ ವ್ಯಾಲಿಡೇಟ್ ಮಾಡಬೇಕು. ಆರೋಗ್ಯ ವಿಮೆಗೆ ಅಪ್ಪ-ಅಮ್ಮನ ಹೆಸರಿರುವ ಜನನ ಪ್ರಮಾಣಪತ್ರ ಕೇಳುತ್ತಾರೆ. ಅದಕ್ಕೆ ಊರಿನಲ್ಲೇ ಅಪೋಸ್ಟಿಲ್ (ವಿದೇಶದಲ್ಲಿ ಒಪ್ಪುವಂಥ ಸರ್ಕಾರಿ ದೃಢೀಕರಣ) ಮಾಡಿಸಿ ತನ್ನಿ. ಇಲ್ಲಿಂದ ಮಾಡಿಸಲು ಹೊರಟರೆ ತಿಂಗಳುಗಳೇ ಹೋಗುತ್ತವೆ.

ಅಂಗಡಿಯಾಗಲಿ ಕಚೇರಿಯಾಗಲಿ, ಮೊದಲು 'ಬೊಂಜೂರ್' ಅನ್ನಿ, ಆಮೇಲೆ ವಿಷಯ. ಅದನ್ನು ಬಿಟ್ಟು ನೇರ ಪ್ರಶ್ನೆ ಕೇಳಿದರೆ ಅವರಿಗೆ ನಿಜಕ್ಕೂ ಬೇಜಾರಾಗುತ್ತದೆ.

ತೊಗರಿಬೇಳೆ, ಕರಿಬೇವಿಗೆ ಅದೇ ಬಿ ರೈಲಿನಲ್ಲಿ ಪ್ಯಾರಿಸ್‌ನ ಗಾರ್ ದು ನೋರ್ ಸ್ಟೇಷನ್ನಿಗೆ ಹೋಗಿ. ಹೊರಗೆ ಲಾ ಶಾಪೆಲ್ ಕಡೆ ನಡೆದರೆ ಸಾಲಾಗಿ ತಮಿಳರ ಅಂಗಡಿಗಳು. ಮೊದಲ ಸಲ ಅಲ್ಲಿ ಕರಿಬೇವಿನ ಕಟ್ಟು ಮೂಗಿಗೆ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ವಾರಾಂತ್ಯದಲ್ಲಿ ಹಳಿ ಕೆಲಸಕ್ಕೆ ರೈಲು ನಿಲ್ಲಿಸುವುದುಂಟು, ನೋಡಿಕೊಂಡು ಹೊರಡಿ.