ಓಡಿದ ದಿನ, ಓಡದ ದಿನ: ವ್ಯಾಯಾಮದ ನಂತರ ತಿನ್ನಲು ಕಲಿತ ನನ್ನ ಅನುಭವ

ತೂಕ ಹೆಚ್ಚುವ ಭಯದಿಂದ ಊಟವನ್ನೇ ಬಿಡಿಸುವ ಅನೊರೆಕ್ಸಿಯಾ ಎಂಬ ಕಾಯಿಲೆಗೆ ಚಿಕಿತ್ಸೆ ಆರಂಭವಾಗಿ ಹನ್ನೊಂದು ತಿಂಗಳಾದ ಮೇಲೆ ನನ್ನ ವೈದ್ಯರು ವಾರಕ್ಕೆ ಎರಡು ದಿನ, ದಿನಕ್ಕೆ ಇಪ್ಪತ್ತೇ ನಿಮಿಷ ಓಡಲು ಒಪ್ಪಿಗೆ ಕೊಟ್ಟರು. ಒಪ್ಪಿಗೆಯ ಜೊತೆಗೆ ಒಂದು ಷರತ್ತಿತ್ತು: ಓಡುವ ಮೊದಲೂ ತಿನ್ನಬೇಕು, ಓಡಿ ಬಂದ ಮೇಲೂ ತಿನ್ನಬೇಕು, ಎರಡರಲ್ಲೂ ಕಾರ್ಬೋಹೈಡ್ರೇಟ್ ಇರಲೇಬೇಕು, ಒಂದನ್ನು ಬಿಟ್ಟರೂ ಮುಂದಿನ ಓಟ ರದ್ದು. ಓಟ ಮರಳಿ ಸಿಕ್ಕಿತೆಂಬ ಸಂತೋಷದಲ್ಲಿ ನಾನು ಎಲ್ಲಕ್ಕೂ ತಲೆಯಾಡಿಸಿದೆ. ಆ ಷರತ್ತನ್ನು ಮನಸಾರೆ ಪಾಲಿಸುವ ಹೊತ್ತಿಗೆ ಮತ್ತೆ ಒಂದೂವರೆ ವರ್ಷ ಕಳೆದಿತ್ತು. ಆ ಅವಧಿಯಲ್ಲಿ ಏನು ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ತೂಕ, ತಿಂದ ಕ್ಯಾಲೊರಿ, ಓಡಿದ ದೂರ ಇವು ಯಾವುವನ್ನೂ ಹೇಳುವುದಿಲ್ಲ. ಕಾಯಿಲೆಯಲ್ಲಿದ್ದಾಗ ಇನ್ನೊಬ್ಬರ ಬರಹದಲ್ಲಿ ನಾನು ಮೊದಲು ಹುಡುಕುತ್ತಿದ್ದುದು ಅಂಥ ಅಂಕಿಗಳನ್ನೇ, ಸಿಕ್ಕ ಪ್ರತಿಯೊಂದು ಅಂಕಿಯೂ ಇನ್ನಷ್ಟು ಕಡಿಮೆ ತಿನ್ನಲು ನನಗೆ ನೆಪವಾಗುತ್ತಿತ್ತು.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಇದು ಚಿಕಿತ್ಸೆಯ ಆರಂಭದ ಹಂತದ ಅನುಭವವಲ್ಲ. ಬಹಳ ದಿನ ಅರೆಹೊಟ್ಟೆಯಲ್ಲಿದ್ದ ದೇಹಕ್ಕೆ ಇದ್ದಕ್ಕಿದ್ದಂತೆ ಹೆಚ್ಚು ಕಾರ್ಬೋಹೈಡ್ರೇಟ್ ಕೊಟ್ಟರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ಹೋಗಿಬಿಡುತ್ತವೆ, ಅದರಿಂದ ಹೃದಯದ ಬಡಿತವೇ ತಪ್ಪಬಹುದು. ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. ನನ್ನ ಮೊದಲ ವಾರಗಳ ಊಟವೆಲ್ಲ ರಕ್ತಪರೀಕ್ಷೆ ಮತ್ತು ಇಸಿಜಿಯ ಕಾವಲಿನಲ್ಲೇ ನಡೆಯಿತು. ಆಗ ವ್ಯಾಯಾಮದ ಪ್ರಶ್ನೆಯೇ ಇರಲಿಲ್ಲ. ನಾಡಿ ಬಹಳ ನಿಧಾನವಾಗಿತ್ತು, ಕೈಬೆರಳುಗಳು ಸದಾ ತಣ್ಣಗಿರುತ್ತಿದ್ದವು, ಮುಟ್ಟು ನಿಂತು ವರ್ಷ ದಾಟಿತ್ತು. ನಾನು ಹೇಳುತ್ತಿರುವುದು ಆ ಅಪಾಯ ಕಳೆದು, ಮೂರು ಊಟ, ಮೂರು ತಿಂಡಿ ಒಂದು ಮಟ್ಟಕ್ಕೆ ಅಭ್ಯಾಸವಾದ ಮೇಲಿನ ಕಥೆ.

ಮೊದಲ ಓಟ ಮುಗಿಸಿ ಬಂದ ಬೆಳಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಬ್ರೆಡ್ ಸ್ಲೈಸ್, ಜಾಮ್, ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಸಿದ್ಧವಾಗಿದ್ದವು. ಹಿಂದಿನ ರಾತ್ರಿ ನಾನೇ ಎತ್ತಿಟ್ಟಿದ್ದು. ಬೆವರು ಇನ್ನೂ ಆರಿರಲಿಲ್ಲ. ಬ್ರೆಡ್ಡನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿದೆ, ಜಾಮ್ ತೆಳ್ಳಗೆ ಸವರಿದೆ, ಸವರಿದ್ದನ್ನು ಚಾಕುವಿನ ಅಂಚಿನಿಂದ ಮತ್ತೆ ಕೆರೆದು ತೆಗೆದೆ. ಒಂದು ಚೌಕವನ್ನು ಬೆರಳುಗಳ ನಡುವೆ ಒತ್ತಿ ಒತ್ತಿ ಹಿಟ್ಟಿನುಂಡೆಯಂತೆ ಮಾಡಿ ಅಂಗೈಯಲ್ಲಿ ಮುಚ್ಚಿಟ್ಟುಕೊಂಡೆ. ಈಗಷ್ಟೇ ಕಷ್ಟಪಟ್ಟು ಗಳಿಸಿದ್ದನ್ನು ಈ ಎರಡು ಸ್ಲೈಸ್ ನುಂಗಿಹಾಕುತ್ತವೆ ಎಂಬ ಒಂದೇ ಯೋಚನೆ ತಲೆಯಲ್ಲಿತ್ತು. ಅಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಅವಳು ಬೈಯಲಿಲ್ಲ, ತಿನ್ನು ಎಂದು ಒತ್ತಾಯಿಸಲೂ ಇಲ್ಲ. ತನ್ನ ತಟ್ಟೆಗೂ ಎರಡು ಸ್ಲೈಸ್ ಹಾಕಿಕೊಂಡು ಬಂದು ಎದುರಿಗೆ ಕುಳಿತು, ಆ ದಿನ ತನಗಿದ್ದ ಕೆಲಸಗಳ ವಿಷಯ ಮಾತನಾಡುತ್ತ ತಿನ್ನತೊಡಗಿದಳು. ಸ್ವಲ್ಪ ಹೊತ್ತಿನ ನಂತರ ನಾನು ಅಂಗೈ ಬಿಚ್ಚಿದೆ. ತಟ್ಟೆ ಖಾಲಿಯಾಗಲು ಐವತ್ತು ನಿಮಿಷ ಹಿಡಿಯಿತು.

ಆ ತಿಂಗಳುಗಳಲ್ಲಿ ನನಗೆ ಧೈರ್ಯ ಕೊಟ್ಟಿದ್ದು ಶರೀರಶಾಸ್ತ್ರ. ಭಯ ಬಂದಾಗ ಸಮಾಧಾನದ ಮಾತುಗಳು ನನ್ನ ಮನಸ್ಸಿಗೆ ಇಳಿಯುತ್ತಿರಲಿಲ್ಲ, ಆದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ವಿವರಣೆ ಇಳಿಯುತ್ತಿತ್ತು. ನನ್ನ ಡಯಟಿಷಿಯನ್ ಅದನ್ನು ಗುರುತಿಸಿ, ಪ್ರತಿ ಭೇಟಿಯಲ್ಲೂ ಒಂದೊಂದು ವಿಷಯವನ್ನು ಬಿಡಿಸಿ ಹೇಳುತ್ತಿದ್ದರು. ನಾವು ತಿಂದ ಕಾರ್ಬೋಹೈಡ್ರೇಟ್ ಗ್ಲೂಕೋಸ್ ಆಗಿ, ತಕ್ಷಣಕ್ಕೆ ಬೇಡವಾದದ್ದು ಗ್ಲೈಕೊಜೆನ್ ರೂಪದಲ್ಲಿ ಕೂಡಿಡಲ್ಪಡುತ್ತದೆ. ಆರೋಗ್ಯವಂತ ವಯಸ್ಕರ ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಮೆದುಳೊಂದಕ್ಕೇ ದಿನಕ್ಕೆ ಹೆಚ್ಚುಕಡಿಮೆ 120 ಗ್ರಾಂ ಗ್ಲೂಕೋಸ್ ಬೇಕು. ಓಡುವಾಗ ಸ್ನಾಯುಗಳು ಈ ಕಣಜದಿಂದ ತೆಗೆದು ಖರ್ಚು ಮಾಡುತ್ತವೆ. ಓಟ ನಿಂತ ಮೇಲೂ ಸ್ವಲ್ಪ ಹೊತ್ತು ಸ್ನಾಯುಕೋಶಗಳ ಪೊರೆಯಲ್ಲಿ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುವ ದ್ವಾರಗಳು ಹೆಚ್ಚು ತೆರೆದಿರುತ್ತವೆ, ಇನ್ಸುಲಿನ್ನಿನ ನೆರವು ಅಷ್ಟಾಗಿ ಬೇಕಾಗುವುದಿಲ್ಲ. ಹಾಗಾಗಿ ಆ ಹೊತ್ತಿನಲ್ಲಿ ತಿಂದದ್ದು ಖಾಲಿಯಾದ ಕಣಜವನ್ನೇ ತುಂಬಲು ಹೋಗುತ್ತದೆ.

ಇದಕ್ಕೆ ಅವರು ಹೇಳಿದ ಒಂದು ಪ್ರಯೋಗ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. 1966ರಲ್ಲಿ ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಇಬ್ಬರೂ ಒಂದೇ ಕಾಲಿನಲ್ಲಿ ಪೆಡಲ್ ತುಳಿದು ಆ ಕಾಲನ್ನು ದಣಿಸಿದರು, ಇನ್ನೊಂದು ಕಾಲಿಗೆ ವಿಶ್ರಾಂತಿ ಕೊಟ್ಟರು. ನಂತರ ಮೂರು ದಿನ ಕಾರ್ಬೋಹೈಡ್ರೇಟ್ ಹೆಚ್ಚಾಗಿರುವ ಊಟ ಮಾಡಿ, ಸೂಜಿಯಿಂದ ಎರಡೂ ತೊಡೆಗಳ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ದಣಿದ ಕಾಲಿನಲ್ಲಿ ವಿಶ್ರಾಂತಿ ಪಡೆದ ಕಾಲಿಗಿಂತ ಬಹಳ ಹೆಚ್ಚು ಗ್ಲೈಕೊಜೆನ್ ಸೇರಿಕೊಂಡಿತ್ತು. ಒಂದೇ ದೇಹ, ಒಂದೇ ಊಟ, ಒಂದೇ ರಕ್ತ. ಆದರೂ ದುಡಿದ ಕಾಲು ತನಗೆ ಬೇಕಾದದ್ದನ್ನು ತಾನೇ ಎಳೆದುಕೊಂಡಿತ್ತು. ಬ್ರೆಡ್ಡಿನ ಮುಂದೆ ಕುಳಿತು ಕೈ ನಡುಗಿದಾಗಲೆಲ್ಲ ನಾನು ಆ ಕಾಲನ್ನು ನೆನೆಯುತ್ತಿದ್ದೆ. ಈ ತುತ್ತು ಹೋಗುವುದು ಅಲ್ಲಿಗೆ ಎಂದು ನನಗೆ ನಾನೇ ಹೇಳಿಕೊಂಡು ನುಂಗುತ್ತಿದ್ದೆ.

ತೂಕದ ಯಂತ್ರದ ವಿಷಯವನ್ನೂ ಆಗಲೇ ಅರ್ಥಮಾಡಿಕೊಂಡೆ. ಪ್ರತಿ ಗ್ರಾಂ ಗ್ಲೈಕೊಜೆನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಖಾಲಿ ಕಣಜ ತುಂಬುವ ದಿನಗಳಲ್ಲಿ ಮುಳ್ಳು ದಿಢೀರನೆ ಮೇಲೇರುವುದಕ್ಕೆ ಇದೂ ಒಂದು ಕಾರಣ. ಹಿಂದೆ ಎಷ್ಟೋ ಸಲ ನಾನು ಚೇತರಿಕೆಯನ್ನು ಕೈಬಿಟ್ಟಿದ್ದು ಆ ಏರಿಕೆಯನ್ನು ಕಂಡೇ. ಇದು ತಿಳಿದ ಮೇಲೂ ನೋಡುವ ಶಕ್ತಿ ನನಗಿರಲಿಲ್ಲ. ಯಂತ್ರವನ್ನು ಮನೆಯಿಂದ ಹೊರಗೆ ಹಾಕಿದೆವು, ಚಿಕಿತ್ಸಾಲಯದಲ್ಲಿ ಮುಳ್ಳಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ.

ಹಸಿವು ಬಂದಾಗ ತಿಂದರಾಯಿತು ಎಂಬ ಮಾತು ಈ ಹಂತದಲ್ಲಿ ನನ್ನ ಪಾಲಿಗೆ ಕೆಲಸಕ್ಕೆ ಬರಲಿಲ್ಲ. ಬಿರುಸಿನ ವ್ಯಾಯಾಮ ಸ್ವಲ್ಪ ಹೊತ್ತು ಹಸಿವನ್ನು ಅಡಗಿಸುತ್ತದೆ. ಅದರ ಮೇಲೆ ಕಾಯಿಲೆ ನನ್ನ ಹಸಿವಿನ ಸೂಚನೆಗಳನ್ನೇ ಕೆಡಿಸಿತ್ತು. ಹಾಗಾಗಿ ಗಡಿಯಾರ ನೋಡಿ ತಿನ್ನುತ್ತಿದ್ದೆ. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದು ಅನೊರೆಕ್ಸಿಯಾದಲ್ಲಿ ಸಾಮಾನ್ಯ, ನನಗೂ ನಾಲ್ಕು ತುತ್ತಿಗೇ ಹೊಟ್ಟೆ ಉಬ್ಬಿ ಬಿಗಿಯುತ್ತಿತ್ತು. ಅಂಥ ದಿನಗಳಲ್ಲಿ ಹಾಲು ಮತ್ತು ಹಣ್ಣಿನ ರಸ ನನ್ನನ್ನು ಕಾಪಾಡಿದವು. ದ್ರವ ಬೇಗ ಇಳಿಯುತ್ತದೆ. ನಾರಿನಂಶ ಹೆಚ್ಚಿರುವ ಸೊಪ್ಪು ತರಕಾರಿಗಳನ್ನು ಈ ತಿಂಡಿಯಿಂದ ದೂರ ಇಡಲು ಡಯಟಿಷಿಯನ್ ಹೇಳಿದಾಗ ಆಶ್ಚರ್ಯವಾಗಿತ್ತು, ಏಕೆಂದರೆ ಅವುಗಳಿಂದ ಹೊಟ್ಟೆ ತುಂಬಿಸಿಕೊಂಡು ಬ್ರೆಡ್ಡಿಗೆ ಜಾಗವಿಲ್ಲವೆನ್ನುವುದು ನನ್ನ ಹಳೆಯ ಉಪಾಯವಾಗಿತ್ತು. ಪ್ರೋಟೀನ್ ಪುಡಿಯೂ ಅಂಥದ್ದೇ ಇನ್ನೊಂದು ಮರೆ. ಓಡಿ ಬಂದು ಬರೀ ಪ್ರೋಟೀನ್ ಕುಡಿದರೆ ನೋಡುವವರಿಗೆ ಬಹಳ ಶಿಸ್ತಿನ ಆಹಾರಕ್ರಮವೆಂದೇ ಕಾಣುತ್ತದೆ, ಯಾರೂ ಅನುಮಾನಪಡುವುದಿಲ್ಲ. ಸ್ನಾಯುವಿನ ದುರಸ್ತಿಗೆ ಪ್ರೋಟೀನ್ ಬೇಕು, ಆದರೆ ಗ್ಲೈಕೊಜೆನ್ ಕಣಜವನ್ನು ತುಂಬುವ ಕೆಲಸದಲ್ಲಿ ಅದು ಕಾರ್ಬೋಹೈಡ್ರೇಟಿನ ಜಾಗವನ್ನು ತುಂಬಲಾರದು.

ನಾಲ್ಕು ತಿಂಗಳ ಹೊತ್ತಿಗೆ ಓಟದ ನಂತರದ ತಿಂಡಿ ಅಷ್ಟು ಕಷ್ಟವೆನಿಸುತ್ತಿರಲಿಲ್ಲ. ನಾನು ಗೆದ್ದೆನೆಂದೇ ತಿಳಿದಿದ್ದೆ. ಆದರೆ ಕಾಯಿಲೆ ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿತ್ತು, ಮತ್ತು ಆ ಬಾಗಿಲನ್ನು ತೆರೆದುಕೊಟ್ಟಿದ್ದು ನನಗೆ ಧೈರ್ಯ ತುಂಬಿದ್ದ ಅದೇ ಶರೀರಶಾಸ್ತ್ರ. ವ್ಯಾಯಾಮವಾದ ಕೂಡಲೇ ತಿಂದರೆ ಗ್ಲೈಕೊಜೆನ್ ಬೇಗ ತುಂಬುತ್ತದೆ, ಎರಡು ಗಂಟೆ ತಡಮಾಡಿದರೆ ಆ ವೇಗ ಇಳಿಯುತ್ತದೆ ಎಂದು ಓದಿದ್ದೆ. ಮೊದಲ ನಾಲ್ಕು ಗಂಟೆ ಗಂಟೆಗೆ ಇಷ್ಟು ಗ್ರಾಂ ಎಂಬ ಕ್ರೀಡಾಪಟುಗಳ ಲೆಕ್ಕವನ್ನೂ ಓದಿದ್ದೆ. ಇವೆಲ್ಲ ಸೇರಿ ನನ್ನ ತಲೆಯಲ್ಲಿ ಒಂದು ಹೊಸ ಕಾನೂನು ರೂಪುಗೊಂಡಿತು: ಓಡಿದ ಮೇಲೆ ಮಾತ್ರ ಕಾರ್ಬೋಹೈಡ್ರೇಟ್ ಸುರಕ್ಷಿತ. ಮನೆಗೆ ಬಂದೊಡನೆ ಫೋನಿನಲ್ಲಿ ಮೂವತ್ತು ನಿಮಿಷದ ಟೈಮರ್ ಇಡುತ್ತಿದ್ದೆ. ಅದು ಮುಗಿಯುವುದರೊಳಗೆ ಧಾರಾಳವಾಗಿ ತಿನ್ನುತ್ತಿದ್ದೆ, ಮುಗಿದ ಮರುಕ್ಷಣ ತಟ್ಟೆಯಲ್ಲಿದ್ದುದನ್ನು ಅಲ್ಲಿಗೇ ಬಿಡುತ್ತಿದ್ದೆ. ಓಡದ ಐದು ದಿನ ಅನ್ನದ ಪಾಲು ಸದ್ದಿಲ್ಲದೆ ಕುಗ್ಗುತ್ತ ಹೋಯಿತು.

ಇದನ್ನು ಹಿಡಿದವರು ಡಯಟಿಷಿಯನ್. ನನ್ನ ಆಹಾರದ ಡೈರಿಯ ಎರಡು ವಾರಗಳ ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಹರಡಿ, ಓಡಿದ ದಿನಗಳ ಮೇಲೆ ಮಾತ್ರ ಪೆನ್ಸಿಲಿನಿಂದ ಗುರುತು ಮಾಡುತ್ತ ಹೋದರು. ಏನೂ ಹೇಳುವ ಅಗತ್ಯವೇ ಬೀಳಲಿಲ್ಲ. ಗುರುತಿಲ್ಲದ ದಿನಗಳ ಬರವಣಿಗೆ ಅರ್ಧ ಪುಟವನ್ನೂ ದಾಟಿರಲಿಲ್ಲ.

“ಓಡದ ದಿನ ನಿಮ್ಮ ಮೆದುಳಿಗೆ ರಜೆಯೇ?” ಎಂದು ಅವರು ಮೆಲ್ಲಗೆ ಕೇಳಿದರು. “ಹೃದಯಕ್ಕೆ? ಮೂಳೆಗಳಿಗೆ?”

ಅಂದು ಅವರು ತಿಳಿಸಿಕೊಟ್ಟದ್ದು ಇದು. ಗಂಟೆ ಗಂಟೆಗೆ ಗ್ರಾಂ ಎಣಿಸುವ ಆ ಲೆಕ್ಕ ಒಂದೇ ದಿನ ಎರಡು ಸಲ ಕಠಿಣ ಅಭ್ಯಾಸ ಮಾಡುವವರಿಗೆ, ಎಂಟು ಗಂಟೆಯೊಳಗೆ ಮತ್ತೆ ಕಣಕ್ಕಿಳಿಯುವವರಿಗೆ ಮಾಡಿದ್ದು. ಮುಂದಿನ ಓಟ ಮೂರು ದಿನಗಳ ನಂತರ ಇರುವ ನನ್ನಂಥವರಿಗೆ ಮುಖ್ಯವಾದದ್ದು ಇಡೀ ದಿನದ, ಇಡೀ ವಾರದ ಊಟ. ಮೂವತ್ತು ನಿಮಿಷಕ್ಕೆ ಮುಚ್ಚಿಹೋಗುವ ಬಾಗಿಲೆಂಬುದಿಲ್ಲ. ಓಟದ ನಂತರ ತಪ್ಪದೆ ತಿನ್ನಬೇಕೆಂದು ಅವರು ಹೇಳಿದ್ದಕ್ಕೆ ಕಾರಣವೂ ಬೇರೆ: ತಿನ್ನದೆ ಬಿಟ್ಟ ಹೊತ್ತು ಹಾಗೆಯೇ ಮಧ್ಯಾಹ್ನದವರೆಗೆ ಬೆಳೆಯುತ್ತದೆ, ದೇಹಕ್ಕೆ ಸಾಲ ಹೆಚ್ಚುತ್ತದೆ. ವ್ಯಾಯಾಮಕ್ಕೆ ಖರ್ಚಾಗಿ ಉಳಿಯುವ ಶಕ್ತಿ ದೇಹದ ಉಳಿದ ಕೆಲಸಗಳಿಗೆ ಸಾಲದೆ ಹೋದಾಗ ಮುಟ್ಟು, ಮೂಳೆ, ರೋಗನಿರೋಧಕ ಶಕ್ತಿ, ಹೃದಯ ಎಲ್ಲವೂ ಬಳಲುವ ಸ್ಥಿತಿಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್‌-ಎಸ್ (ಕ್ರೀಡೆಯಲ್ಲಿ ಸಾಪೇಕ್ಷ ಶಕ್ತಿಯ ಕೊರತೆ) ಎಂದು ಹೆಸರಿಸಿತು. ಗಂಡಸರೂ ಅದಕ್ಕೆ ಹೊರತಲ್ಲ. ನನ್ನ ಮುಟ್ಟು ಇನ್ನೂ ಮರಳದೇ ಇದ್ದುದಕ್ಕೆ ಕಾರಣ ಆ ಅರ್ಧ ಪುಟಗಳಲ್ಲೇ ಇತ್ತು.

ಓಟವನ್ನು ಆರು ವಾರ ನಿಲ್ಲಿಸಿದರು. ಆ ಆರು ವಾರ ಮಾಡಿದ ಅಭ್ಯಾಸವೇ ನನ್ನನ್ನು ನಿಜವಾಗಿ ಬದಲಿಸಿತೆಂದು ನಂಬಿದ್ದೇನೆ. ಓಟದ ನಂತರ ತಿನ್ನುತ್ತಿದ್ದ ತಿಂಡಿಯನ್ನೇ, ಅದೇ ಪ್ರಮಾಣದಲ್ಲಿ, ಅದೇ ಹೊತ್ತಿಗೆ, ಓಡದೆ ತಿನ್ನಬೇಕು. ಮೊದಲ ದಿನ ಬ್ರೆಡ್ಡಿನ ಮುಂದೆ ಕುಳಿತಾಗ ಏನನ್ನೋ ಕದ್ದು ತಿನ್ನುತ್ತಿರುವಂತೆ ಎದೆ ಹೊಡೆದುಕೊಂಡಿತು. ಥೆರಪಿಸ್ಟ್ ಸೂಚಿಸಿದಂತೆ ತಿನ್ನುವ ಮೊದಲು, ತಿಂದ ಕೂಡಲೇ, ಒಂದು ಗಂಟೆ ಕಳೆದ ಮೇಲೆ ಭಯ ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಬರೆದಿಡುತ್ತಿದ್ದೆ. ಮೊದಲ ದಿನದ ಸಾಲು ಒಂಬತ್ತು, ಹತ್ತು, ಏಳು ಎಂದಿದೆ. ಮೂರನೆಯ ವಾರದ ಒಂದು ಸಾಲು ಆರು, ಐದು, ಎರಡು. ಭಯ ತಾನಾಗಿ ಇಳಿಯುತ್ತದೆ, ಅದನ್ನು ಇಳಿಸಲು ನಾನು ಏನನ್ನೂ ಮಾಡಬೇಕಾಗಿಲ್ಲ ಎಂಬುದನ್ನು ಯಾರ ಉಪದೇಶಕ್ಕಿಂತ ಹೆಚ್ಚಾಗಿ ನನ್ನದೇ ಕೈಬರಹ ಒಪ್ಪಿಸಿತು. ನಡುವೆ ಒಂದು ಸಂಜೆ ತಡೆಯಲಾಗದೆ ಮೆಟ್ಟಿಲು ಹತ್ತಿ ಇಳಿದು ಲೆಕ್ಕ ಸರಿದೂಗಿಸಿಕೊಂಡೆ. ಅದನ್ನೂ ಡೈರಿಯಲ್ಲಿ ಬರೆದೆ, ಮುಚ್ಚಿಡಲಿಲ್ಲ; ಮರುದಿನದ ತಿಂಡಿ ಮಾತ್ರ ಯಾವುದೇ ಕಡಿತವಿಲ್ಲದೆ ಮುಂದುವರಿಯಿತು.

ಓಟ ಮತ್ತೆ ಆರಂಭವಾದಾಗ ಟೈಮರ್ ಇಡಲಿಲ್ಲ. ಒಂದು ದಿನ ಬಂದ ಹತ್ತು ನಿಮಿಷಕ್ಕೆ, ಇನ್ನೊಂದು ದಿನ ಸ್ನಾನ ಮುಗಿಸಿ ಮುಕ್ಕಾಲು ಗಂಟೆಗೆ, ಹೀಗೆ ಹೊತ್ತನ್ನು ಬೇಕೆಂದೇ ಬದಲಿಸುತ್ತಿದ್ದೆ. ಬ್ರೆಡ್ಡಿನ ಬದಲು ಅನ್ನ, ಆಲೂಗಡ್ಡೆ, ಕೆಲವು ದಿನ ಕೇಕ್. ಹಿಂದಿನ ರಾತ್ರಿ ಎತ್ತಿಡುವುದನ್ನೂ ಬಿಟ್ಟು, ಬೇರೆಯವರು ಬಡಿಸಿದ್ದನ್ನು ಅಳೆಯದೆ ತಿನ್ನುವುದನ್ನು ರೂಢಿಸಿಕೊಂಡೆ. ಈ ಕೊನೆಯದು ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡಿತು.

ಇದೇ ಅವಧಿಯಲ್ಲಿ ತಡೆಯಲಾಗದ ಹಸಿವೂ ಬಂತು. ತಿಂದೆದ್ದ ಅರ್ಧ ಗಂಟೆಗೆ ಮತ್ತೆ ಬೇಕೆನಿಸುತ್ತಿತ್ತು, ನನಗೆ ನಾಚಿಕೆಯೂ ಭಯವೂ ಆಗುತ್ತಿತ್ತು. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದ್ದರು. ಮತ್ತೆ ಊಟ ಸಿಕ್ಕಾಗ ಅವರಲ್ಲಿ ಹಲವರು ಎಷ್ಟು ತಿಂದರೂ ಹಸಿವು ಇಂಗದೆ ತಿಂಗಳುಗಟ್ಟಲೆ ಒದ್ದಾಡಿದರೆಂದು ಡಯಟಿಷಿಯನ್ ಹೇಳಿದಾಗ ನನ್ನ ಕಣ್ಣು ತುಂಬಿ ಬಂತು. ಆ ಹಸಿವು ನನ್ನ ಚಪಲವಲ್ಲ, ಬರಗಾಲ ಕಂಡ ದೇಹದ ನ್ಯಾಯವಾದ ಬೇಡಿಕೆ ಎಂದು ಮೊದಲ ಬಾರಿಗೆ ಅನ್ನಿಸಿತು. ಬೇಕೆನಿಸಿದಾಗಲೆಲ್ಲ ತಿಂದೆ. ಐದಾರು ತಿಂಗಳಲ್ಲಿ ಅದು ತಗ್ಗಿತು, ಅಷ್ಟರಲ್ಲಿ ಮುಟ್ಟೂ ಮರಳಿತ್ತು.

ಕಳೆದ ವಾರ ಓಟದ ದಿನ ಬೆಳಗಿನಿಂದಲೇ ಜೋರು ಮಳೆ. ಶೂ ಕಟ್ಟಿಕೊಂಡವಳು ಕಿಟಕಿಯ ಬಳಿ ಸ್ವಲ್ಪ ಹೊತ್ತು ನಿಂತಿದ್ದು, ಬಿಚ್ಚಿಟ್ಟು ಅಡುಗೆಮನೆಗೆ ಹೋದೆ. ಎರಡು ಸ್ಲೈಸ್ ಕೆಂಪಗೆ ಕಾಯಿಸಿ, ಅಂಚಿನವರೆಗೆ ಜಾಮ್ ಸವರಿ, ಕತ್ತರಿಸದೆ ಕಚ್ಚಿ ತಿಂದೆ. ಅಕ್ಕ ತನಗೆಂದು ಬ್ರೆಡ್ ಕಾಯಿಸುತ್ತ, “ನಿನಗೂ ಇನ್ನೊಂದು ಹಾಕಲೇನೇ?” ಎಂದಳು. ಹಾಕು ಎಂದೆ.